‘ಅಲ್ಲ’ ಎನ್ನಲು ಕೊಟ್ಟ ಅಪ್ಪಣೆ

ಕ್ರಿಸ್ತಶಕ ೨೧೮೯, ಭಾದ್ರಪದ ಬಹುಳ ಪಂಚಮಿ
ಕೃಷ್ಣೆಯ ಹಿನ್ನೀರು, ಹೊಸ ಹೊಳೆಸಾಲು

ನಮ್ಮ ಲಾಂಚಿನ ಅಡಿಯಲ್ಲಿ ಮುಳುಗಿರುವ ಹಳೇ ಹೊಳೆಸಾಲಿನ ಹಿರಿಯರಿಗೆ,

ನಾನು ಹೊನ್ನವ್ವ. ಹೊಸ ಹೊಳೆಸಾಲಿನ ಅಂಬಿಗೇರ ಮನೆತನದ ಯಜಮಾನತಿ. ಈ ದಂಡೆಯಿಂದ ಆ ದಂಡೆಗೆ ಜನರನ್ನು ದಾಟಿಸುವ ಲಾಂಚುಗಳು ನಮ್ಮವು. ನನ್ನ ಅತ್ತೆ ತೀರಿಕೊಂಡ ಮೇಲೆ ಮೊದಲನೇ ಲಾಂಚಿನ ಮುಂದಿನ ಹಲಗೆಯ ಮೇಲೆ ನಾನು ಕೂತೆ. ಹೈಸ್ಕೂಲು ಮುಗಿಸಿದ್ದೇನೆ. ಅದಕ್ಕಿಂತ ಹೆಚ್ಚು ಓದಲಿಲ್ಲ, ಆದರೆ ಓದಿದ್ದು ಯಾವುದೂ ಮರೆತಿಲ್ಲ ಎಂದು ಹೋದ ವರ್ಷದವರೆಗೆ ಎಲ್ಲರಿಗೂ ಹೇಳುತ್ತಿದ್ದೆ. ನಮ್ಮ ಮನೆಯಲ್ಲಿ ನಾನು ಕೂರದೆ ಯಾರೂ ತಾಟಿಗೆ ಕೈ ಹಾಕುವುದಿಲ್ಲ. ನಾನು ಹೇಳಿದ ಮಾತಿಗೆ ಎರಡನೇ ಮಾತು ಇರಲಿಲ್ಲ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ಮುಂದೆ ಹೇಳುವ ಸಂಗತಿ ಇಂಥ ಮನೆಯಲ್ಲಿ ಮಾತ್ರ ನಡೆಯಬಹುದಾಗಿತ್ತು, ಅದಕ್ಕೇ ಮೊದಲು ಹೇಳಿದೆ.

ಲೆಕ್ಕ ಹಾಕಿದರೆ ನೀವು ನನಗಿಂತ ನೂರೈವತ್ತು ವರ್ಷ ಹಿಂದಿನವರು. ಮಹಾಲಯದ ಪಕ್ಷದಲ್ಲಿ ನಾವು ಎಡೆ ಇಡುವುದಲ್ಲದೆ ನಿಮಗೊಂದು ಕಾಗದವನ್ನೂ ಬರೆದು, ಊರು ಮುಳುಗಿದ ಜಾಗದಲ್ಲಿ ನೀರಿಗೆ ಬಿಡುತ್ತೇವೆ. ಬಾಳೆನಾರಿನ ಕಾಗದ, ಸ್ವಲ್ಪ ಹೊತ್ತಿನಲ್ಲಿ ಕರಗಿಹೋಗುತ್ತದೆ. ಹುಟ್ಟಿದವರ ಹೆಸರು, ಮದುವೆಯಾದವರ ಹೆಸರು ಬರೆಯುವುದು ರೂಢಿ. ನಾನು ಬೇರೆ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಕೆಲವು ಮಾತುಗಳು ನಿಮ್ಮ ಕಾಲದಲ್ಲಿ ಹುಟ್ಟಿರಲಿಲ್ಲ. ಕಿವಿಗೆ ಒರಟಾಗಿ ಕೇಳಿದರೆ ಬೇಸರಪಡಬೇಡಿ, ಬಂದಲ್ಲಿ ಅರ್ಥ ಹೇಳುತ್ತಾ ಹೋಗುತ್ತೇನೆ. ಹೇಳಿದ್ದನ್ನೇ ಮತ್ತೆ ಹೇಳಿದ್ದರೆ ಅದನ್ನೂ ಕ್ಷಮಿಸಿ. ಇಂದ್ರವ್ವ ಒಮ್ಮೆ ಓದಿ ಎರಡು ಕಡೆ ಹೊಡೆದುಹಾಕಿದ್ದಾಳೆ. ಇಂದ್ರವ್ವ ನನ್ನ ಹಿರಿಯ ಸೊಸೆ.

ನಿಮ್ಮ ಊರು ಈಗ ಹೇಗಿದೆ ಎಂದು ತಿಳಿಯುವ ಆಸೆ ನಿಮಗಿರಬಹುದು. ನೀವು ಹೋದ ಮೇಲೆ ನೀರು ಎರಡು ಸಲ ಏರಿತು. ಮಹಡಿ ಮನೆಗಳು, ಶಾಲೆಯ ಗೋಡೆ, ಕುಡಿಯುವ ನೀರಿನ ದೊಡ್ಡ ಟಾಕಿ, ಬಸ್ ನಿಲ್ದಾಣದ ಕಂಬಗಳು ಎಲ್ಲ ನೀರಿನೊಳಗೆ ಇನ್ನೂ ನಿಂತಿವೆ. ಟಾಕಿಯ ನೆತ್ತಿ ನೀರಿನ ಮಟ್ಟಕ್ಕಿಂತ ಒಂದು ಮೊಳ ಕೆಳಗಿದೆ, ಕಣ್ಣಿಗೆ ಕಾಣುವುದಿಲ್ಲ, ಲಾಂಚಿನ ಹೊಟ್ಟೆಯನ್ನು ಮಾತ್ರ ಸೀಳುತ್ತದೆ. ಬೇಸಿಗೆಯಲ್ಲಿ ನೀರು ತಿಳಿಯಾಗಿರುವಾಗ ಬುಡಗಣ್ಣು ಸಾಕು. ಬುಡಗಣ್ಣು ಎಂದರೆ ನೀರಿನಡಿ ಇರುವುದನ್ನು ನೋಡಿ ಹೇಳುವ ಯಂತ್ರ, ಎಲ್ಲ ಲಾಂಚಿಗೂ ಕಟ್ಟಿರುತ್ತಾರೆ. ಆದರೆ ಕಾರಹುಣ್ಣಿಮೆ ಕಳೆದು ಕೆಂಪು ನೀರು ಬರಲು ಶುರುವಾಯಿತೆಂದರೆ, ಅದರ ಮೇಲೆ ಅಂತರಗಂಗೆ ಕಳೆ ಚಾಪೆಯಂತೆ ಹಬ್ಬಿತೆಂದರೆ, ಬುಡಗಣ್ಣು ಕುರುಡು. ಆಗ ನಿಮ್ಮ ಊರನ್ನು ಮನಸ್ಸಿನಲ್ಲಿ ಇಟ್ಟುಕೊಂಡವರೇ ದಾರಿ ಹೇಳಬೇಕು. ನಾನು ನಿಮ್ಮನ್ನು ಯಾರನ್ನೂ ನೋಡಿಲ್ಲ, ಆದರೆ ನಿಮ್ಮ ಓಣಿಗಳು ನನಗೆ ನನ್ನ ಅಡುಗೆಮನೆಯಷ್ಟು ಗೊತ್ತು.

ಲಾಂಚು ನಡೆಸಲು ಇಬ್ಬರು ಬೇಕು. ಮುಂದೆ ಎತ್ತರದ ಹಲಗೆಯ ಮೇಲೆ ಕೂತು ಗುರುತು ಕೂಗುವವರನ್ನು ಮುಂದಾಳು ಎನ್ನುತ್ತೇವೆ. ಹಿಂದೆ ಚುಕ್ಕಾಣಿ ಹಿಡಿದವರು ಹಿಂದಾಳು. ನಡುವೆ ಜನ, ಆಡು, ಸೈಕಲ್ಲು, ಕಾಯಿಪಲ್ಲೆಯ ಬುಟ್ಟಿ, ತಲೆಯ ಮೇಲೆ ತಗಡು. ಹಿಂದಾಳಿಗೆ ಮುಂದಿನ ನೀರು ಒಂದು ಚೂರೂ ಕಾಣುವುದಿಲ್ಲ. ಮುಂದಾಳು “ಟಾಕಿ ಬಂತು, ಬಲಕ್ಕ” ಎಂದು ಕೂಗಿದರೆ ಹಿಂದಾಳು “ಬಲಕ್ಕ” ಎಂದು ಓಗೊಟ್ಟು ತಿರುಗಿಸಬೇಕು. ಓಗೊಡುವಾಗ ಬೇರೆ ಮಾತು ಸೇರಿಸುವಂತಿಲ್ಲ. ಯಾಕೆ ಎನ್ನುವಂತಿಲ್ಲ, ಅಲ್ಲ ಎನ್ನುವಂತಿಲ್ಲ. ನಡುನೀರಿನಲ್ಲಿ ವಾದಕ್ಕೆ ನಿಂತರೆ ಎಲ್ಲರೂ ಮುಳುಗುತ್ತಾರೆ ಎಂದು ಅತ್ತೆ ನನಗೆ ಕಲಿಸಿದರು, ನಾನು ಇಂದ್ರವ್ವನಿಗೆ ಕಲಿಸಿದೆ. ಅದು ಸುಳ್ಳಲ್ಲ. ಆದರೆ ನಾವು ದಂಡೆ ಹತ್ತಿ ಮನೆಗೆ ಬಂದ ಮೇಲೂ ಅದನ್ನೇ ನಡೆಸಿದೆವು. ಮನೆಯಲ್ಲಿ ಮುಂದಾಳು ನಾನು, ಉಳಿದವರೆಲ್ಲ ಹಿಂದಾಳುಗಳು.

ನಮ್ಮ ಕಾಲದಲ್ಲಿ ಮರೆವಿಗೆ ಮದ್ದಿಲ್ಲ ಎಂದು ತಿಳಿಯಬೇಡಿ. ಅರವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆ ನೆನಪಿನ ತೂಕಕ್ಕೆ ಹೋಗುತ್ತಾರೆ, ನೀವು ಬಿಪಿ ಮತ್ತು ಸಕ್ಕರೆ ನೋಡಿಸಿಕೊಳ್ಳುತ್ತಿದ್ದ ಹಾಗೆ. ಮೊದಲು ಡಾಕ್ಟರು ಕೆಲವು ಹೆಸರು ಹೇಳಿ, ಬೇರೆ ಮಾತಾಡಿಸಿ, ಮತ್ತೆ ಆ ಹೆಸರುಗಳನ್ನು ಕೇಳುತ್ತಾರೆ. ಗಡಿಯಾರದ ಚಿತ್ರ ಬರೆಸುತ್ತಾರೆ. ಆಮೇಲೆ ಮನೆಮಾತು. ಅಂದರೆ ನಮ್ಮ ಜೊತೆ ಬದುಕುವವರನ್ನು ಕರೆದು, ನಮ್ಮಲ್ಲಿ ಏನು ಬದಲಾಗಿದೆ ಎಂದು ಕೇಳುವುದು. ನಮ್ಮ ಉತ್ತರಕ್ಕೆ ಎಷ್ಟು ಬೆಲೆಯೋ ಮನೆಮಾತಿಗೂ ಅಷ್ಟೇ ಬೆಲೆ. ಮರೆವು ಬಲಿತವರಿಗೆ ಪಿಸುಮಣಿ ಕೊಡುತ್ತಾರೆ. ಅದು ಕಿವಿಯೊಳಗೆ ಇಡುವ ಕಾಳಿನಷ್ಟು ಯಂತ್ರ, ಎದುರಿಗೆ ಬಂದವರ ಹೆಸರನ್ನು, ಗುಳಿಗೆಯ ಹೊತ್ತನ್ನು ಪಿಸುಗುಡುತ್ತದೆ. ಇನ್ನು ತಡೆಮದ್ದು ಎಂಬುದೊಂದಿದೆ. ಅದು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಅದರ ಕಾಲಿಗೆ ತೊಡರುಗಾಲು ಹಾಕುತ್ತದೆ, ಅಷ್ಟೆ. ಅದೂ ಕಾಯಿಲೆ ಎಳೆಯದಾಗಿದ್ದಾಗ ಕೊಟ್ಟರೆ ಮಾತ್ರ. ಬಲಿತ ಮೇಲೆ ಕೊಟ್ಟರೆ ನೀರು ಕುಡಿದಂತೆ. ಹೀಗಾಗಿ ನಮ್ಮ ಕಾಲದ ಡಾಕ್ಟರುಗಳು ಒಂದೇ ಮಾತು ಬಡಿದುಕೊಳ್ಳುತ್ತಾರೆ: ಬೇಗ ಬನ್ನಿ, ಇದ್ದದ್ದು ಇದ್ದಂತೆ ಹೇಳಿ.

ಎರಡು ವರ್ಷದ ಹಿಂದೆ ನಾನು ತೂಕಕ್ಕೆ ಹೋದಾಗ ಎಲ್ಲ ಹೆಸರುಗಳನ್ನೂ ಸರಿಯಾಗಿ ಹೇಳಿದೆ. ಗಡಿಯಾರ ಬರೆದೆ. ಡಾಕ್ಟರು ನಸೀಮಾ ಬಾಗವಾನ ಎಂಬ ಹೆಣ್ಣುಮಗಳು, ಮೆತ್ತಗೆ ಮಾತಾಡುತ್ತಾಳೆ, ಬಿಡುವುದಿಲ್ಲ. ಮನೆಮಾತಿಗೆ ನನ್ನ ಹಿರಿಯ ಮಗ, ಇಂದ್ರವ್ವನ ಗಂಡ ಯಮನೂರನನ್ನು ಕರೆದಳು. “ನಮ್ಮವ್ವಂದೇನ್ರಿ ಡಾಕ್ಟರ, ನಾವ ಏನರ ಮರತ್ರ ನೆನಪ ಮಾಡಾಕಿ ಆಕಿ” ಎಂದ. ನನಗೆ ಹೆಮ್ಮೆಯಾಯಿತು. ಇಂದ್ರವ್ವನನ್ನು ಕೇಳಿದಾಗ ಆಕೆ ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. “ಏನಿಲ್ರಿ” ಎಂದಳು. ಡಾಕ್ಟರು ಮತ್ತೊಮ್ಮೆ ಕೇಳಿದಳು. ಮತ್ತೊಮ್ಮೆ “ಏನಿಲ್ರಿ”. ನಾವು ಮನೆಗೆ ಬಂದೆವು.

ಹೋದ ವರ್ಷದ ಶ್ರಾವಣದಲ್ಲಿ, ನಾಗರಪಂಚಮಿ ಕಳೆದ ಸ್ವಲ್ಪ ದಿನಕ್ಕೆ, ಸಂತೆಗೆ ಹೋಗುವವರಿಂದ ಲಾಂಚು ತುಂಬಿತ್ತು. ಕುಂಬಾರ ಈರಪ್ಪ ಗಡಿಗೆಗಳ ಬುಟ್ಟಿ ಇಟ್ಟುಕೊಂಡು ಬದಿಯಲ್ಲಿ ನಿಂತಿದ್ದ. ಕೂರು ಎಂದರೆ ಕೂರುವ ಗಂಡಸಲ್ಲ. ಶಾಲೆಯ ಗೋಡೆ ದಾಟಿದೆವು. ಅಲ್ಲಿಂದ ಮುಂದೆ ಟಾಕಿ ಎಡಕ್ಕೆ ಬರುತ್ತದೆ, ಲಾಂಚು ಬಲಕ್ಕೆ ಹೋಗಬೇಕು. ಆದರೆ ಆ ದಿನ ಬಲಗಡೆಯಿಂದ ಒಂದು ದೊಡ್ಡ ಬೇವಿನ ಬೊಡ್ಡೆ ನೀರಿನಲ್ಲಿ ಅರ್ಧ ಮುಳುಗಿ ತೇಲಿಬರುವುದನ್ನು ನಾನು ನೋಡಿದೆ. ಟಾಕಿಗೆ ಇನ್ನೂ ಅಂತರವಿತ್ತು. ಸ್ವಲ್ಪ ಎಡಕ್ಕೆ ಜರುಗಿ ಬೊಡ್ಡೆಗೆ ದಾರಿ ಬಿಟ್ಟುಕೊಟ್ಟು, ಆಮೇಲೆ ಬಲಕ್ಕೆ ಬರಬಹುದಿತ್ತು. ತಡಮಾಡದೆ “ಎಡಕ್ಕ, ಎಡಕ್ಕ” ಎಂದು ಕೂಗಿದೆ. ಹಿಂದಿನಿಂದ ಇಂದ್ರವ್ವ “ಎಡಕ್ಕ” ಎಂದು ಸ್ಪಷ್ಟವಾಗಿ ಓಗೊಟ್ಟಳು. ಲಾಂಚು ಬಲಕ್ಕೆ ತಿರುಗಿತು. ಬೊಡ್ಡೆ ಬಂದು ಬಡಿಯಿತು.

ಲಾಂಚು ಮುಳುಗಲಿಲ್ಲ. ಆದರೆ ಈರಪ್ಪ ನೀರಿಗೆ ಬಿದ್ದ, ಗಡಿಗೆಗಳೆಲ್ಲ ಒಡೆದವು. ಅವನನ್ನು ಧೋತರ ಹಿಡಿದು ಮೇಲಕ್ಕೆ ಎಳೆದುಕೊಂಡರು. ದಂಡೆ ಮುಟ್ಟಿದ ಕೂಡಲೇ ನಾನು ಜನ ಇಳಿಯುವುದನ್ನೂ ಕಾಯದೆ ಹಿಂದಕ್ಕೆ ಹೋದೆ.

“ನಾ ಎಡಕ್ಕ ಅಂದೆ. ನೀ ಎಡಕ್ಕ ಅಂತ ಓಗೊಟ್ಟಿ. ಲಾಂಚು ಬಲಕ್ಕ ಯಾಕ ಹೋತು?”

ನೀರು ಸೋರುತ್ತಾ ಕೂತಿದ್ದ ಈರಪ್ಪ ತನ್ನ ಮುರಿದ ಮಣಿಕಟ್ಟು ಎತ್ತಿ ತೋರಿಸಿದ. “ಯಜಮಾನ್ತಿ, ಮೊದಲ ನನ್ನ ಕೈ ಯಾವ ಕಡೆ ಹೊಂಟೈತಿ ನೋಡ್ರಿ. ಲಾಂಚಿಂದು ಆಮ್ಯಾಲ ಕೇಳೂಣಂತ” ಎಂದ. ಹೆದರಿದ್ದ ಜನ ಅಷ್ಟಕ್ಕೇ ನಕ್ಕರು. ನಾನು ನಗಲಿಲ್ಲ.

“ಬಾಯಿ ಬಿಡ ಹೆಣ್ಣ. ಇಷ್ಟ ಮಂದಿ ಮುಂದನ ಹೇಳು.”

“ಆ ಜಾಗಾದಾಗ ನೀವು ದಿನಾ ಎಡಕ್ಕ ಅಂತಿದ್ರಿ, ಅತ್ತಿ. ಎಡಕ್ಕ ಟಾಕಿ ಐತಿ. ನಾ ದಿನಾ ಬಲಕ್ಕನ ತಗೊಂಡ ಹೋಗತಿದ್ದೆ.”

“ದಿನಾ ಅಂದ್ರ ಯಾವಾಗಿಂದ?”

“ಈ ಕಾರಹುಣ್ಣಿವಿಂದ. ಹ್ವಾದ ವರ್ಷನೂ ಒಂದೀಟ ಇತ್ತು.”

“ಮತ್ತ ಎಡಕ್ಕ ಅಂತ ಯಾಕ ಓಗೊಟ್ಟಿ?”

“ಅಲ್ಲ ಅನ್ನೂದು ನೀವ ಕಲಿಸಿಲ್ಲಲ್ರಿ.”

ನನ್ನ ಮೈ ಉರಿಯಿತು. ಇಷ್ಟು ಜನರ ಮುಂದೆ ಸೊಸೆಯ ಬಾಯಿಂದ ಈ ಮಾತು. “ಇವತ್ತ ನಾ ಸರಿ ಇದ್ದೆ. ಬೊಡ್ಡಿ ಕಂಡ ಕೂಗಿದ್ದೆ” ಎಂದೆ. ಆಕೆ ಅಳುತ್ತಿದ್ದಳು. “ಹೌದ್ರಿ. ಇವತ್ತ ನೀವ ಸರಿ ಇದ್ರಿ. ಅದಕ್ಕ ಬಡೀತು” ಎಂದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಮೊದಲು ಅದು ಸೊಕ್ಕಿನ ಮಾತು ಎಂದುಕೊಂಡೆ. ಆಕೆಗೆ ಮುಂದಿನ ಹಲಗೆಯ ಮೇಲೆ ಆಸೆ ಎಂದೂ ಅಂದುಕೊಂಡೆ. ಆಮೇಲೆ ಭಯ ಬಂತು. ನಾನು ಕೂಗುವುದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದು ನನಗೆ ಗೊತ್ತಿಲ್ಲ. ತಪ್ಪು ಕೂಗುವಾಗಲೂ ಅದು ಸರಿ ಎಂದೇ ಅನಿಸುತ್ತದೆ, ಬಾಯಲ್ಲಿ ಅದರ ರುಚಿ ಬೇರೆ ಇರುವುದಿಲ್ಲ. ಲಾಂಚು ಬಲಕ್ಕೆ ಹೋದ ದಿನಗಳಲ್ಲಿ ನಾನು ಬಲಕ್ಕ ಎಂದೇ ಕೂಗಿದ್ದೆ ಎಂದುಕೊಂಡಿರಬೇಕು. ಆಕೆಗೂ ಗೊತ್ತಿಲ್ಲ. ವರ್ಷಗಟ್ಟಲೆ ಓಗೊಟ್ಟು ಆಕೆಗೂ ದಾರಿ ಬಾಯಿಪಾಠವಾಗಿತ್ತು, ಆದರೆ ಮುಂದೆ ತೇಲಿಬರುವುದು ಆಕೆಗೆ ಕಾಣುವುದಿಲ್ಲ. ಹೀಗೆ ನಾವಿಬ್ಬರೂ ಒಬ್ಬರಿಗೊಬ್ಬರು ಹೌದು ಹೌದು ಎನ್ನುತ್ತಾ, ಜನ ತುಂಬಿದ ಲಾಂಚನ್ನು ಕೆಂಪು ನೀರಿನಲ್ಲಿ ನಡೆಸಿದ್ದೆವು.

ಲಾಂಚಿನಲ್ಲೇ ಹೀಗಾದರೆ ಮನೆಯಲ್ಲಿ ಏನಿರಬೇಕು? ನೋಡಿಯೇಬಿಡಬೇಕು ಅನಿಸಿತು. ಎರಡು ದಿನ ಬಿಟ್ಟು ಎಲ್ಲರೂ ಊಟಕ್ಕೆ ಕೂತಾಗ, ಬೇಕೆಂದೇ, “ನಾಳೆ ನಾಗರಪಂಚಮಿ. ಇನ್ನೂ ಎಳ್ಳುಂಡಿ ಕಟ್ಟಿಲ್ಲಲ್ಲ, ಯಾವಾಗ ಕಟ್ಟತೀರಿ?” ಎಂದೆ. ಪಂಚಮಿ ಕಳೆದು ಆಗಲೇ ವಾರದ ಮೇಲಾಗಿತ್ತು. ಹಬ್ಬದ ದಿನ ಇದೇ ಜನ ಇದೇ ಜಾಗದಲ್ಲಿ ಕೂತು ಉಂಡಿ ತಿಂದಿದ್ದರು. ಒಂದು ಗಳಿಗೆ ಎಲ್ಲರ ಕೈ ತಾಟಿನಲ್ಲೇ ನಿಂತಿತು. ಮೊಮ್ಮಗಳು ಏನೋ ಹೇಳಲು ಬಾಯಿ ತೆರೆದಳು, ಅವಳ ತಾಯಿ ಮೊಣಕೈಯಿಂದ ತಿವಿದಳು. ಯಮನೂರ, “ನಾಳೆ ಮುಂಜಾನಿ ಕಟ್ಟತಾರಳವ್ವಾ” ಎಂದ.

ನಾನು ಅಷ್ಟಕ್ಕೇ ಮುಗಿಯುತ್ತದೆ ಎಂದುಕೊಂಡಿದ್ದೆ. ಮರುದಿನ ಎದ್ದಾಗ ಮನೆಯ ತುಂಬ ಎಳ್ಳು ಹುರಿದ ವಾಸನೆ. ಸೊಸೆಯಂದಿರು ಬೆಲ್ಲದ ಪಾಕ ಇಟ್ಟು ಉಂಡಿ ಕಟ್ಟುತ್ತಿದ್ದರು. ಹುಡುಗರಿಗೆ ಹಬ್ಬದ ಬಟ್ಟೆ ಹಾಕಿದ್ದರು. ನಾಗಪ್ಪನಿಗೆ ಹಾಲೆರೆಯಲು ಬಟ್ಟಲು ತೊಳೆದಿಟ್ಟಿದ್ದರು. ನಾನು ಮರೆತಿದ್ದೇನೆಂದು ನನಗೆ ತಿಳಿಯಬಾರದೆಂದು ಇಡೀ ಮನೆ ಇನ್ನೊಂದು ಪಂಚಮಿ ಮಾಡಲು ತಯಾರಾಗಿತ್ತು. ಇಂದ್ರವ್ವ ತಾಟಿನಲ್ಲಿ ಎರಡು ಉಂಡಿ ತಂದು ಮುಂದಿಟ್ಟಳು. ಅವರ ಮುಖ ನೋಡಿದೆ. ಯಾರೂ ಹಾಸ್ಯ ಮಾಡುತ್ತಿರಲಿಲ್ಲ. ಎಲ್ಲರಿಗೂ ನನ್ನ ಮೇಲೆ ಪ್ರೀತಿ ಇತ್ತು, ಭಯವೂ ಇತ್ತು. ಹೀಗೆ ಎಷ್ಟು ಹಬ್ಬ ಮಾಡಿದ್ದಾರೋ, ನಾನು ಎರಡು ಸಲ ಉಪ್ಪು ಹಾಕಿದ ಸಾರನ್ನು ಎಷ್ಟು ಸಲ ಚೆಲ್ಲಿ ಬೇರೆ ಮಾಡಿದ್ದಾರೋ, ಹೇಳಿದ ಕಥೆಯನ್ನೇ ಹೇಳಿದಾಗ ಎಷ್ಟು ಸಲ ಹೂಂಗುಟ್ಟಿದ್ದಾರೋ, ದೇವರಿಗೇ ಗೊತ್ತು. ನನ್ನ ಮನೆಯನ್ನು ನಾನೇ ನಡೆಸುತ್ತಿದ್ದೇನೆ ಎಂದು ತಿಳಿದಿದ್ದೆ. ಹಿಂದೆ ಕೂತವರು ಚುಕ್ಕಾಣಿ ತಿರುಗಿಸುತ್ತಿದ್ದರು.

“ಪಂಚಮಿ ಆಗಿ ಹೋತು. ನನಗ ಗೊತ್ತೈತಿ. ನಿಮಗ ಹೇಳಾಕ ಬಾಯಿಲ್ಲೇನು?” ಎಂದೆ. ಅಂದೇ ಡಾಕ್ಟರ ಹತ್ತಿರ ಹೋದೆ, ಮಗ ಸೊಸೆ ಇಬ್ಬರನ್ನೂ ಕರೆದುಕೊಂಡು.

ಈ ಸಲ ಮನೆಮಾತು ಬಹಳ ಹೊತ್ತು ನಡೆಯಿತು. ನಾನು ಹೊರಗೆ ಕೂರುವುದಿಲ್ಲ, ಒಳಗೇ ಇರುತ್ತೇನೆ ಎಂದು ಹಟ ಹಿಡಿದೆ. ಡಾಕ್ಟರು ಒಪ್ಪಿದಳು, ಆದರೆ ಬಾಯಿ ತೆರೆಯಬಾರದು ಎಂದಳು. ಇಂದ್ರವ್ವ ಒಂದೊಂದಾಗಿ ಹೇಳಿದಳು. ಒಲೆಯ ಮೇಲೆ ಹಾಲಿಟ್ಟು ಹೋಗಿದ್ದು. ತೀರಿಹೋದ ನನ್ನ ತಂಗಿಯನ್ನು ಹಬ್ಬಕ್ಕೆ ಕರೆಯಿರಿ ಎಂದದ್ದು. ಪಕ್ಕದ ಮನೆಯವಳು ಬೆಳ್ಳಿ ಬಟ್ಟಲು ಕದ್ದಳು ಎಂದು ನಾನು ಜಗಳವಾಡಿದ್ದು, ಬಟ್ಟಲು ನನ್ನ ಸೀರೆಯ ಗಂಟಿನಲ್ಲೇ ಸಿಕ್ಕಿದ್ದು. ಕೆಲವು ನನಗೆ ನೆನಪಿದ್ದವು, ಕೆಲವು ಇರಲಿಲ್ಲ. ನೆನಪಿಲ್ಲದ್ದನ್ನು ಕೇಳುವಾಗ ಬೇರೆ ಯಾರದೋ ಮನೆಯ ಸಂಗತಿ ಕೇಳಿದಂತಿತ್ತು. ಯಮನೂರ ನಡುವೆ ನಡುವೆ “ಅದೇನ ದೊಡ್ಡದಲ್ರಿ, ವಯಸ್ಸಿಗೆ ಆಗತೈತಿ” ಎನ್ನುತ್ತಿದ್ದ. ಡಾಕ್ಟರು ಅವನ ಕಡೆ ತಿರುಗಿ, “ಯಮನೂರಪ್ಪ, ವಯಸ್ಸಾದವರು ಕೀಲಿ ಎಲ್ಲಿಟ್ಟೆ ಅಂತ ಹುಡುಕ್ತಾರ. ಕೀಲಿ ಯಾತಕ್ಕ ಅಂತ ಕೇಳಿದ್ರ ಅದು ವಯಸ್ಸಲ್ಲ” ಎಂದಳು.

ರಕ್ತ ತೆಗೆದರು, ಕಿವಿ ನೋಡಿದರು, ನನ್ನ ಗುಳಿಗೆಗಳನ್ನೆಲ್ಲ ಮೇಜಿನ ಮೇಲೆ ಸುರಿಸಿದರು. ನಿದ್ದೆ ಬಾರದೆಂದು ಔಷಧಿ ಅಂಗಡಿಯಿಂದ ನಾನೇ ತರಿಸಿಕೊಂಡು ವರ್ಷಗಟ್ಟಲೆ ನುಂಗುತ್ತಿದ್ದ ಗುಳಿಗೆ ಬುದ್ಧಿಯನ್ನು ಮಂಕು ಮಾಡುವಂಥದ್ದು. ರಕ್ತದಲ್ಲಿ ಬಿ-ಹನ್ನೆರಡು ಎಂಬ ಸತ್ವ ತೀರಾ ತಗ್ಗಿತ್ತು. ಕಿವಿ ಮಂದವಾಗಿತ್ತು. ಇಂಜಿನ್ನಿನ ಪಕ್ಕ ಆಯುಷ್ಯ ಕಳೆದವರಿಗೆ ಅದು ಆಗುವುದೇ. ಕಿವಿಗೆ ಬೀಳದ್ದು ಮನಸ್ಸಿನಲ್ಲಿ ಉಳಿಯುವುದು ಹೇಗೆ, ಅದನ್ನೆಲ್ಲ ನಾನು ಮರೆತೆ ಎಂದು ಮನೆಯವರು ತಿಳಿದಿದ್ದರು. “ಹೊನ್ನವ್ವಾರ, ಇದರಾಗ ಸರಿಹೋಗೂದು ಒಂದಿಷ್ಟು ಐತಿ. ಅದನ್ನ ಮೊದಲ ಸರಿ ಮಾಡೂಣು. ಉಳಿದದ್ದು ಏನಂತ ಆಮ್ಯಾಲ ಕಾಣತೈತಿ” ಎಂದಳು ಡಾಕ್ಟರು. ಉಳಿದದ್ದು ಎಂಬ ಮಾತನ್ನು ನಾನು ಚಳಿಗಾಲವಿಡೀ ಮೆಲುಕು ಹಾಕಿದೆ.

ಆ ಗುಳಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿದರು. ಸೂಜಿ ಚುಚ್ಚಿದರು. ಕಿವಿಗೆ ಯಂತ್ರ ಹಾಕಿದರು, ಪಿಸುಮಣಿಯಲ್ಲ, ಬರೇ ಕೇಳಿಸುವ ಯಂತ್ರ. ಪಿಸುಮಣಿ ನನಗೆ ಬೇಡವೆಂದೆ. ಬೇಕಾದಾಗ ಹಾಕಿಕೊಳ್ಳುತ್ತೇನೆ, ಈಗ ಅಲ್ಲ. ದಿನಾ ಹೊಳೆದಂಡೆಯಲ್ಲಿ ನಡೆಯಬೇಕು, ಜನರ ಜೊತೆ ಮಾತಾಡಬೇಕು, ಒಂದೇ ಹೊತ್ತಿಗೆ ಏಳಬೇಕು, ಒಂದೇ ಹೊತ್ತಿಗೆ ಮಲಗಬೇಕು ಎಂದು ಕಟ್ಟಳೆ. ಕನ್ನಡಕ, ಕೀಲಿ, ಗುಳಿಗೆ ಮೂರಕ್ಕೂ ಬಾಗಿಲ ಪಕ್ಕದ ಗೂಡು. ಅಲ್ಲಿಂದ ಬೇರೆ ಕಡೆ ಇಟ್ಟರೆ ಮೊಮ್ಮಕ್ಕಳು ನನ್ನನ್ನೇ ಗದರುತ್ತಾರೆ, ಗದರಲು ನಾನೇ ಹೇಳಿದ್ದೇನೆ. ಮರೆತರೆ ತಾನೇ ಆರುವ ಒಲೆ ತಂದೆವು. ಡಾಕ್ಟರು ಇಂದ್ರವ್ವನಿಗೂ ಚೀಟಿ ಬರೆದಳು. ಮರೆವಿನವರನ್ನು ನೋಡಿಕೊಳ್ಳುವವರಿಗೆ ವಾರಕ್ಕೊಂದು ಬಿಡುವಿನ ದಿನ ಕೊಡಬೇಕೆಂದು ನಮ್ಮಲ್ಲಿ ಕಾನೂನಿದೆ. ಆಕೆ ಬೇಡ ಎಂದಳು. ನಾನು ಸೀರೆ ಮಡಚಿ ಚೀಲಕ್ಕೆ ತುಂಬಿ ತವರಿಗೆ ಕಳಿಸಿದೆ. ಆ ದಿನ ಆಕೆಯ ಕಣ್ಣ ಕೆಳಗಿನ ಕಪ್ಪನ್ನು ಮೊದಲ ಸಲ ನೋಡಿದೆ.

ಬೇಸಿಗೆಯ ಹೊತ್ತಿಗೆ ನಾನು ಬಹಳ ಮಟ್ಟಿಗೆ ನೆಟ್ಟಗಾದೆ. ಹೆಸರುಗಳು ತಾವಾಗಿ ಬರತೊಡಗಿದವು. ಮುಂಜಾನೆ ತಲೆ ಹಗುರವಾಗಿರುತ್ತಿತ್ತು. ಮನೆಯವರ ಸಂತೋಷಕ್ಕೆ ಮಿತಿಯಿಲ್ಲ. “ಅವ್ವ ಆರಾಮಾದಳು, ಈ ಮಳಿಗಾಲಕ್ಕ ಮುಂದಿನ ಹಲಗಿ ಆಕಿದ” ಎಂದು ಯಮನೂರ ಸಂತೆಯಲ್ಲಿ ಹೇಳಿಕೊಂಡು ಬಂದ. ನನಗೂ ಅದೇ ಆಸೆ. ಆದರೆ ಮತ್ತೆ ತೂಕಕ್ಕೆ ಹೋದಾಗ ಡಾಕ್ಟರು ನಗಲಿಲ್ಲ. ಸರಿಹೋಗುವುದೆಲ್ಲ ಸರಿಹೋಗಿದೆ, ಕೆಳಗೆ ಇನ್ನೊಂದು ಇದೆ, ಅದು ಕಾಯಿಲೆಯೇ, ಇನ್ನೂ ಎಳೆಯದು ಎಂದಳು. ತಡೆಮದ್ದು ಶುರು ಮಾಡಿದಳು. ಎರಡು ವರ್ಷದ ಹಿಂದೆಯೇ ಶುರು ಮಾಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತೇ ಎಂದು ಕೇಳಿದೆ. ಸುಳ್ಳು ಹೇಳಬಾರದೆಂದು ಮೊದಲೇ ಎಚ್ಚರಿಸಿದ್ದೆ. “ಹೌದು” ಎಂದಳು. ಹೊರಗೆ ಇಂದ್ರವ್ವ ಬಾಗಿಲಿಗೆ ಆತುಕೊಂಡು ನಿಂತಿದ್ದಳು. ಆಕೆಗೆ ಕೇಳಿಸಿತು. ಆಕೆ ಎರಡು ಸಲ ಹೇಳಿದ ಆ “ಏನಿಲ್ರಿ” ಮಾತನ್ನು ನಾನು ಎತ್ತಲಿಲ್ಲ. ಅದನ್ನು ಹೇಳಿಸಿದವಳು ನಾನು.

ಕೆಂಪು ನೀರು ಬರುವ ಮುಂಚೆ, ಜನರನ್ನು ಹತ್ತಿಸಿಕೊಳ್ಳದೆ, ಬುಡಗಣ್ಣಿಗೆ ಬಟ್ಟೆ ಕಟ್ಟಿ, ನಾನೂ ಇಂದ್ರವ್ವನೂ ಬರೀ ಲಾಂಚನ್ನು ನೀರಿಗೆ ಇಳಿಸಿದೆವು. ಆಕೆಗೆ ಹೇಳಿದೆ: “ಇವತ್ತ ನಿನಗ ಅಪ್ಪಣೆ ಐತಿ. ತಪ್ಪ ಅನಿಸಿದಲ್ಲಿ ಅಲ್ಲ ಅನ್ನು. ಜೋರಲೆ ಅನ್ನು, ನನ್ನ ಕಿವಿ ಮಂದ.” ಆಕೆ “ಹೂಂರಿ” ಎಂದಳು. ಮೊದಲ ಗುರುತುಗಳೆಲ್ಲ ನೀರು ಕುಡಿದಷ್ಟು ಸಲೀಸು. ಬಸ್ ನಿಲ್ದಾಣದ ಹತ್ತಿರ ಆಕೆ “ಅಲ್ಲ” ಎಂದಳು, ಎಷ್ಟು ಮೆತ್ತಗೆ ಎಂದರೆ ನನಗೆ ಕೇಳಿಸಲಿಲ್ಲ, ಇಂಜಿನ್ನು ನಿಂತದ್ದರಿಂದ ಗೊತ್ತಾಯಿತು. ಬಿದಿರಿನ ಗಳ ಇಳಿಸಿ ನೋಡಿದೆವು. ಅಲ್ಲಿ ನಾನು ಸರಿ, ಆಕೆ ತಪ್ಪು. ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲು ನಾಚಿಕೆಯಾಗುತ್ತದೆ. ಮುಂದೆ ಟಾಕಿಯ ಹತ್ತಿರ ನಾನು ಎಡಕ್ಕ ಎಂದೆ. “ಅಲ್ಲ ಅತ್ತಿ” ಎಂದಳು, ಈ ಸಲ ಜೋರಾಗಿ. ಎಡಕ್ಕೇ ಎಂದು ನನಗೆ ಖಾತ್ರಿಯಿತ್ತು. ನನ್ನ ಹೆಸರಿನಷ್ಟು ಖಾತ್ರಿ. ಗಳ ಇಳಿಸಿದೆ. ಮೊಳದ ಕೆಳಗೆ ಸಿಮೆಂಟಿಗೆ ತಾಗಿ ಟಕ್ಕೆಂದಿತು. ಬರುವಾಗ ಇನ್ನೊಂದು ಕಡೆ ಹಾಗೇ ಆಯಿತು. ಲಾಂಚಿನಲ್ಲಿ ನಾವಿಬ್ಬರೇ ಇದ್ದೆವು. ನಾನು ಹಿಂದಕ್ಕೆ ನೋಡಿದೆ, ಜನ ಕೂರುವ ಖಾಲಿ ಹಲಗೆಗಳನ್ನು.

ಹಳೇ ಹೊಳೆಸಾಲಿನವರೇ, ನಿಮ್ಮ ಕಾಲದಲ್ಲಿ ತಡೆಮದ್ದು ಹೇಗಿತ್ತೋ, ಇತ್ತೋ ಇಲ್ಲವೋ ನನಗೆ ತಿಳಿಯದು. ಆದರೆ ಕಿವಿ ಇತ್ತು, ರಕ್ತ ಇತ್ತು, ಬೇಡದ ಗುಳಿಗೆ ಇತ್ತು, ಅವನ್ನು ನೋಡುವ ಡಾಕ್ಟರು ಇದ್ದರು. ನಿಮ್ಮ ಮನೆಯ ಹಿರಿಯರು ಹೇಳಿದ್ದನ್ನೇ ಹೇಳುತ್ತಿದ್ದರೆ, ಗೊತ್ತಿದ್ದ ದಾರಿ ತಪ್ಪುತ್ತಿದ್ದರೆ, ವಯಸ್ಸು ಎಂದು ಬಿಡಬೇಡಿ, ಕರೆದುಕೊಂಡು ಹೋಗಿ. ಡಾಕ್ಟರು ಕೇಳಿದಾಗ ಏನಿಲ್ಲ ಎನ್ನಬೇಡಿ. ಹಿರಿಯರ ಮಾನ ಉಳಿಸುತ್ತೇವೆಂದು ಇನ್ನೊಂದು ಪಂಚಮಿ ಮಾಡಬೇಡಿ. ಎಲ್ಲರ ಮುಂದೆ ಹೀಯಾಳಿಸಿ ಎಂದೂ ನಾನು ಹೇಳುತ್ತಿಲ್ಲ. ಪಕ್ಕಕ್ಕೆ ಕರೆದು, ಕೈ ಹಿಡಿದು, ಇದ್ದದ್ದನ್ನು ಹೇಳಿ. ಅವರು ಬೈಯುತ್ತಾರೆ. ನಾನೂ ಬೈದೆ. ಬೈಸಿಕೊಂಡು ಮತ್ತೆ ಹೇಳಿ. ನನ್ನಂಥ ಯಜಮಾನತಿಯರು ನಿಮ್ಮಲ್ಲಿ ಯಾರಾದರೂ ಇದ್ದರೆ ಅವರಿಗೆ ಬೇರೆ ಮಾತು: ಬುದ್ಧಿ ನಿಮ್ಮ ಕೈಯಲ್ಲಿರುವಾಗಲೇ ಏನು ಯಾರಿಗೆ ಎಂಬುದನ್ನು ನೀವೇ ತೀರ್ಮಾನಿಸಿ. ತಡಮಾಡಿದರೆ ಅದನ್ನು ಬೇರೆಯವರು ನಿಮ್ಮ ಹಿಂದಿನಿಂದ ಮಾಡುತ್ತಾರೆ, ನಿಮಗೆ ತಿಳಿಯುವುದೂ ಇಲ್ಲ.

ನಮ್ಮ ಮನೆತನದಲ್ಲಿ ಮುಂದಿನ ಹಲಗೆಯನ್ನು ಬದುಕಿದ್ದಾಗ ಯಾರೂ ಬಿಟ್ಟುಕೊಟ್ಟಿಲ್ಲ. ನಾನು ಬಿಟ್ಟೆ. ಕೆಂಪು ನೀರು ಬಂದ ಮೊದಲ ಸಂತೆಯ ದಿನ, ದಂಡೆಯ ಮೇಲೆ ಜನ ಸೇರಿದ್ದಾಗ, ಇಂದ್ರವ್ವನ ಕೈ ಹಿಡಿದು ಮುಂದಿನ ಹಲಗೆ ಹತ್ತಿಸಿದೆ. ನನಗೆ ಮರೆವಿನ ಕಾಯಿಲೆ ಶುರುವಾಗಿದೆ, ಔಷಧಿ ತೆಗೆದುಕೊಳ್ಳುತ್ತಿದ್ದೇನೆ, ಇನ್ನು ದಾರಿ ಹೇಳುವವಳು ಈಕೆ ಎಂದು ನನ್ನ ಬಾಯಿಂದಲೇ ಹೇಳಿದೆ. ಹಿಂದೆ ಚುಕ್ಕಾಣಿಗೆ ಯಮನೂರನನ್ನು ಕೂರಿಸಿದೆ. ಮುರಿದ ಕೈ ಕೂಡಿಕೊಂಡು ಗುಣವಾಗಿದ್ದ ಈರಪ್ಪ, “ಹೆಂಡ್ತಿ ಕೂಗಿದ್ದಕ್ಕ ಓಗೊಡೂದು ಯಮನೂರಗ ಹೊಸಾದೇನಲ್ಲ ಬಿಡ್ರಿ” ಎಂದ. ಜನ ನಕ್ಕರು, ಈ ಸಲ ನಾನೂ ನಕ್ಕೆ.

ನಮ್ಮ ಲಾಂಚುಗಳ ಕಟ್ಟಳೆಯನ್ನೂ ಬದಲಿಸಿದ್ದೇನೆ. ಅನುಮಾನ ಬಂದರೆ ಹಿಂದಾಳು ‘ಅಲ್ಲ’ ಎನ್ನಬಹುದು. ಅಂದ ಕೂಡಲೇ ಇಂಜಿನ್ನು ನಿಲ್ಲಬೇಕು, ಗಳ ಇಳಿಯಬೇಕು, ಯಾರು ಸರಿ ಎಂದು ನೀರಿನಲ್ಲೇ ನೋಡಬೇಕು. ಮನೆಯಲ್ಲಿಯೂ ಅದೇ. ನನ್ನ ಔಷಧಿ, ನನ್ನ ಊಟ, ನಾನು ಎಲ್ಲಿಗೆ ಹೋಗಬೇಕು ಎಲ್ಲಿಗೆ ಹೋಗಬಾರದು ಎಂಬ ವಿಷಯದಲ್ಲಿ ನನ್ನ ಮಾತು, ಇಂದ್ರವ್ವನ ಮಾತು ಎರಡಾದರೆ ಇಂದ್ರವ್ವನದು ನಡೆಯಬೇಕೆಂದು ಡಾಕ್ಟರ ಮುಂದೆ ಹೇಳಿ ರುಜು ಹಾಕಿದ್ದೇನೆ. ಮುಂದೊಂದು ದಿನ ನಾನೇ ಇದನ್ನು ಒಪ್ಪದೆ ಕೂಗಾಡಬಹುದು. ಆಗ ನನ್ನ ಮಾತು ಕೇಳಬಾರದೆಂದೂ ಅದರಲ್ಲಿ ಬರೆಸಿದ್ದೇನೆ.

ಹೊನ್ನವ್ವ ಅಂಬಿಗೇರ